ಸೀರೆಯ ಒಳತುದಿ

4 ಜೂನ್ 1996, ಮಂಗಳವಾರ

ಬೆಳಿಗ್ಗೆ ಮಗ್ಗದ ಲಾಳಿಗೆ ಎರಡು ಬುಟ್ಟಿ ನೂಲಿನ ಕಂಡಿಕೆ ಸುತ್ತಿಕೊಟ್ಟೆ. ಹತ್ತಕ್ಕೆ ಕರೆಂಟ್ ಹೋಯಿತು. ಮಗ್ಗ ನಿಂತವು. ಬೀದಿಗೆ ಬೀದಿಯೇ ಸದ್ದಿಲ್ಲ. ಇಂಥ ಹೊತ್ತಿನಲ್ಲಿ ನನಗೆ ಸಿಟ್ಟು ಬರುತ್ತದೆ. ಮಗ್ಗದ ಸದ್ದಿದ್ದರೆ ಯೋಚನೆಗೆ ಜಾಗ ಇರುವುದಿಲ್ಲ.

ಸೂಜಿ ಡಬ್ಬಿ ತೆಗೆದೆ. ತುಕ್ಕು ಹಿಡಿಯಬಾರದೆಂದು ಎಣ್ಣೆ ಬಟ್ಟೆಯಲ್ಲಿ ಒರೆಸಿ ಮತ್ತೆ ಇಟ್ಟೆ. ಯುಗಾದಿ ಆದಮೇಲೆ ರಿಪೇರಿಗೆ ಒಂದು ಸೀರೆಯೂ ಬಂದಿಲ್ಲ. ಮೊದಲು ಮಗ್ಗದಲ್ಲಿ ಎಳೆ ಕಿತ್ತುಹೋದರೆ ಬೀದಿಯವರೆಲ್ಲ ನನ್ನ ಹತ್ತಿರ ತರುತ್ತಿದ್ದರು. ಕಿತ್ತ ಜಾಗಕ್ಕೆ ಒಂದೊಂದೇ ಎಳೆಯನ್ನು ಸೂಜಿಯಲ್ಲಿ ತುಂಬುತ್ತಿದ್ದೆ, ಉದ್ದಕ್ಕೆ ಒಂದು, ಅಡ್ಡಕ್ಕೆ ಒಂದು. ಸೀರೆ ಕೊಳ್ಳುವ ಸಾಹುಕಾರ ಭೂತಗನ್ನಡಿ ಹಿಡಿದರೂ ಸಿಗುತ್ತಿರಲಿಲ್ಲ. ಈಗ ಎಲ್ಲ ಪಾಲಿಯೆಸ್ಟರ್. ಡ್ಯಾಮೇಜ್ ಆದರೆ ಸೆಕೆಂಡ್ಸ್ ಎಂದು ಒಂದು ಕಡೆ ಒಗೆಯುತ್ತಾರೆ. ತುಂಬುವವಳು ಯಾರಿಗೆ ಬೇಕು.

ಜನವರಿಯಲ್ಲಿ ಪೊರೆ ತೆಗೆಸಿಕೊಂಡೆ. ಕಣ್ಣು ಬಂತು. ಕೆಲಸ ಹೋಯಿತು. ಸರಿಯಾಗಿದೆ ಲೆಕ್ಕ.

ಚೌಡೇಶ — "ಅಮ್ಮ, ಟಿವಿ ಹಾಕ್ಕೊಂಡು ಆರಾಮಾಗಿ ಕೂತ್ಕೊ. ಸಾಕು ದುಡಿದಿದ್ದು." ಹೆತ್ತ ಮಗ. ಆದರೂ ಕೆನ್ನೆಗೆ ಒಂದು ಬಿಡಬೇಕು ಎನ್ನಿಸಿತು.

6 ಜೂನ್, ಗುರುವಾರ

ಪಿಳ್ಳಪ್ಪ ಬಂದಿದ್ದ. ಮೊದಲು ನಮಗೆ ನೂಲಿಗೆ ಬಣ್ಣ ಹಾಕಿಕೊಡುತ್ತಿದ್ದವನು. ಉಗುರು ಇವತ್ತಿಗೂ ನೀಲಿ. ಈಗ ರಾಜಘಟ್ಟದ ದಾರಿಯಲ್ಲಿ ಹೊಸ ಕೆಲಸವಂತೆ. ರೇಷ್ಮೆ ಹುಳು ಸಾಕುತ್ತಿದ್ದ ಹಳೆಯ ಮನೆ ಇತ್ತಲ್ಲ, ಅದನ್ನು ಬೆಂಗಳೂರಿನ ಹುಡುಗಿಯೊಬ್ಬಳು ಬಾಡಿಗೆಗೆ ಹಿಡಿದಿದ್ದಾಳೆ. ಹೆಸರು ಅಕ್ಷತ. ಅಜ್ಜಿ ಕಾಲದ ಸೀರೆ, ಶಾಲು, ದೇವರ ಬಟ್ಟೆ, ಹರಿದಿದ್ದನ್ನೆಲ್ಲ ಸರಿಮಾಡಿ ಕೊಡುತ್ತಾರಂತೆ. ಎಳೆ ತುಂಬುವವರು ಒಬ್ಬರು ಬೇಕಂತೆ.

"ನಿಮ್ಮ ಹೆಸರು ಹೇಳ್ಬಿಟ್ಟಿದೀನಿ ಅಕ್ಕ. ಸೋಮವಾರ ಇಂಟರ್‌ವ್ಯೂ."

"ಇಂಟರ್‌ವ್ಯೂನಾ? ನಾನು ನಾಲ್ಕನೇ ಕ್ಲಾಸು ಕಣೋ. ಅದೂ ಪಾಸಾಗೋ ಮುಂಚೆ ಕಂಡಿಕೆ ಸುತ್ತೋಕೆ ಕೂರಿಸ್ಬಿಟ್ರು."

"ಓದು ಗೀದು ಕೇಳಲ್ಲ ಅಕ್ಕ. ಹೆಂಗಿದೀರೋ ಹಂಗೇ ಬನ್ನಿ ಅಂದ್ರು ಮೇಡಮ್ಮು. ಅಲ್ಲಿ ಡ್ರೆಸ್ಸು ಯಾರೂ ನೋಡಲ್ಲ. ಅವ್ರೇ ಹವಾಯಿ ಚಪ್ಲೀಲಿ ಓಡಾಡ್ತಾರೆ."

ಅವನು ಹೋದಮೇಲೆ ಡಬ್ಬಿ ಮತ್ತೆ ತೆಗೆದೆ. ಸಣ್ಣ ಸೂಜಿಗೆ ದಾರ ಪೋಣಿಸಿ ನೋಡಿದೆ. ಮೊದಲ ಸಲಕ್ಕೇ ಹೋಯಿತು.

ಈ ಕೆಲಸ ಬೇಕು. ಇಲ್ಲಿ ಬರೆದಿಡುತ್ತೇನೆ, ಯಾರಿಗೂ ಹೇಳುವುದಿಲ್ಲ. ಇದು ಸಿಗದಿದ್ದರೆ ಇನ್ನು ಈ ಕೈಗೆ ಸೊಪ್ಪು ಬಿಡಿಸುವುದೇ ಗತಿ.

7 ಜೂನ್, ಶುಕ್ರವಾರ

ಊಟದ ಹೊತ್ತಿಗೆ ಹೇಳಿದೆ. ಚೌಡೇಶ ತಟ್ಟೆಯಿಂದ ತಲೆ ಎತ್ತಲಿಲ್ಲ.

"ನಮ್ಮನೆ ಹೆಂಗಸ್ರು ಯಾವತ್ತು ಹೊರಗೆ ಕೆಲಸಕ್ಕೆ ಹೋಗಿದಾರೆ?"

"ಮನೆ ಒಳಗೆ ಮಾಡ್ದಾಗ ಅದು ಕೆಲಸ ಅಂತ ನಿಂಗೆ ಗೊತ್ತಾಗ್ಲೇ ಇಲ್ಲ. ಅದಕ್ಕೇ ಹೊರಗೆ ಹೋಗ್ತಿದೀನಿ."

"ಜನ ಏನಂತಾರೆ? ಚೌಡೇಶ ಅಮ್ಮಂಗೆ ಊಟ ಹಾಕ್ತಿಲ್ಲ ಅಂತಾರೆ."

"ನನ್ನ ನೋಡಿದ್ರೆ ಊಟ ಇಲ್ದೆ ಇರೋಳ ಹಂಗಿದೀನಾ?"

ಸೊಸೆ ಅರುಣಾ ಸಾರು ಬಡಿಸುವ ನೆಪದಲ್ಲಿ ಆ ಕಡೆ ತಿರುಗಿ ನಕ್ಕಳು. ಅವನು ಕೈ ತೊಳೆದು ಎದ್ದ. ಬಾಗಿಲಲ್ಲಿ ನಿಂತು ಹೇಳಿದ — "ಹೋಗೋದಾದ್ರೆ ಮರ್ಯಾದೆಯಾಗಿ ಹೋಗು. ಆ ಡ್ಯಾಮೇಜ್ ಸೀರೆ ಉಟ್ಕೊಂಡು ಹೋಗ್ಬೇಡ."

ಆಗಲೇ ಯೋಚನೆ ಬಂದದ್ದು. ಏನು ಉಡುವುದು?

8 ಜೂನ್, ಶನಿವಾರ. ಮಧ್ಯಾಹ್ನ

ಟ್ರಂಕು ತೆಗೆದೆ. ಹದಿನೇಳು ಸೀರೆ. ಎಲ್ಲ ಡ್ಯಾಮೇಜ್, ಕಿತ್ತಲ್ಲೆಲ್ಲ ನಾನೇ ತುಂಬಿಕೊಂಡದ್ದು.

ನೇಯುವ ಮನೆಯಲ್ಲಿ ಹೀಗೇ. ಸರಿಯಿದ್ದದ್ದು ಸಾಹುಕಾರನ ಅಂಗಡಿಗೆ, ತಪ್ಪಿದ್ದು ಮನೆ ಹೆಂಗಸರ ಮೈಗೆ. ನಮ್ಮಮ್ಮನೂ ಹಾಗೇ ಉಟ್ಟಳು, ನಾನೂ ಹಾಗೇ. ಡ್ಯಾಮೇಜ್ ಯಾವ ತುದಿಯಲ್ಲಿದೆ ನೋಡಿಕೊಂಡು ಆ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಬಿಡುವುದು. ಮಧ್ಯದಲ್ಲಿದ್ದರೆ ನೆರಿಗೆಯೊಳಗೆ. ಹೊರಗೆ ಕಾಣಬಾರದು. ಹೊರಗಿನವರ ಎದುರು ಬಾಯಿಯಲ್ಲೂ ಬರಬಾರದು. ಹೇಳಿಕೊಟ್ಟವರು ಯಾರೂ ಇಲ್ಲ, ಹುಡುಗಿಯರು ನೋಡಿಯೇ ಕಲಿಯುತ್ತಾರೆ. ಅರುಣಾ ಮದುವೆಯಾಗಿ ಬಂದ ವಾರಕ್ಕೇ ಕಲಿತಳು.

ತಳದಲ್ಲಿ ನೇರಳೆ ರೇಷ್ಮೆ. ಅದನ್ನು ಮುಟ್ಟಿ ಮುಚ್ಚಿದೆ.

ಎದುರುಮನೆ ಅನುಸೂಯಮ್ಮ ಬಂದು ಕೂತಳು. ಅವಳಿಗೆ ಸುದ್ದಿ ಹೇಗೆ ಹೋಗುತ್ತದೋ.

"ಹಳೇ ವಾಯಿಲ್ ಸೀರೆ ಉಟ್ಕೊಂಡು ಹೋಗು ಕದಿರಮ್ಮ. ಪಾಪ ಅನ್ನಿಸ್ಬೇಕು. ಪಾಪ ಅನ್ನಿಸಿದ್ರೆ ಕೆಲಸ ಕೊಡ್ತಾರೆ."

"ಭಿಕ್ಷಕ್ಕೆ ಹೋಗ್ತಿಲ್ಲ ಕಣೇ."

"ಹಂಗಾದ್ರೆ ರೇಷ್ಮೆ ಉಟ್ಕೊಂಡು ಹೋಗು, ಆರತಿ ಎತ್ತಿ ಕಳಿಸ್ತಾರೆ."

ಕಾಫಿ ಕುಡಿದು ಹೋದಳು. ಲೋಟ ಕೂಡ ಎತ್ತಿಡಲಿಲ್ಲ.

9 ಜೂನ್, ಭಾನುವಾರ

ಅರುಣಾ ತನ್ನ ಮೈಸೂರು ಸಿಲ್ಕ್ ತಂದಿಟ್ಟಳು. ತವರಿನವರು ಕೊಟ್ಟದ್ದು, ತಿಳಿ ಹಸಿರು. "ಇದನ್ನ ಉಟ್ಕೊಳ್ಳಿ ಅತ್ತೆ. ಅವ್ರಿಗೂ ಸಮಾಧಾನ." ಅವರು ಎಂದರೆ ಚೌಡೇಶ.

ಎರಡೂ ತುದಿ ಬಿಡಿಸಿ ನೋಡಿದೆ. ಒಂದು ಎಳೆ ಆಚೀಚೆ ಇಲ್ಲ. ಎಲ್ಲೂ ಮುಚ್ಚಿಕೊಳ್ಳಬೇಕಾದ್ದಿಲ್ಲ. ಅಂಥದ್ದನ್ನು ಉಡುವುದು ನನಗೆ ಗೊತ್ತಿಲ್ಲ, ಆದರೂ ಹೂಂ ಎಂದೆ. ನಾಳೆ ಬೆಳಿಗ್ಗೆ ಜಗಳ ಬೇಡ.

ಹೇಗಿದ್ದೀರೋ ಹಾಗೇ ಬನ್ನಿ ಎನ್ನುವುದು ಸುಲಭ. ಹೇಗಿದ್ದೇನೆ ಎಂದು ಯಾರಿಗೆ ಗೊತ್ತು.

10 ಜೂನ್, ಸೋಮವಾರ. ಸಂಜೆ

ಹೋಗಿಬಂದೆ. ಆಗಲಿಲ್ಲ.

ಬಸ್ಸಿನಲ್ಲಿ ಸೀರೆ ಕೊಳೆಯಾಗುತ್ತದೆಂದು ಸೀಟಿನ ತುದಿಯಲ್ಲಿ ಕೂತೆ. ಇಳಿದು ಅರ್ಧ ಮೈಲಿ ನಡಿಗೆ. ಕೆಂಪು ಧೂಳು. ನೆರಿಗೆ ಎತ್ತಿ ಹಿಡಿದು ನಡೆದೆ. ಮದುವೆ ಮನೆ ದಾರಿ ತಪ್ಪಿದವಳ ಹಾಗೆ ಕಾಣಿಸಿರಬೇಕು.

ಒಳಗೆ ಎಲ್ಲರೂ ನೆಲದ ಮೇಲೆ ಚಾಪೆ ಹಾಸಿ ಕೂತಿದ್ದರು. ಅಕ್ಷತ ಎನ್ನುವವಳಿಗೆ ಇಪ್ಪತ್ತೈದು ದಾಟಿಲ್ಲ. ಗಂಡುಹುಡುಗರ ಷರಟು, ಜೀನ್ಸ್ ಪ್ಯಾಂಟು. ಮೊಣಕಾಲಿನ ಹತ್ತಿರ ಪ್ಯಾಂಟು ಅಂಗೈ ಅಗಲ ಹರಿದಿದೆ. ಹರಿದ ಬಟ್ಟೆ ಸರಿಮಾಡುವ ಜಾಗದಲ್ಲಿ ಯಜಮಾನಿಯದೇ ಹರಿದಿದೆ. ನನ್ನ ಕೈ ತುರಿಸಿತು.

ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಇವತ್ತು ಮನೇಲೇನಾದ್ರೂ ಫಂಕ್ಷನ್ ಇತ್ತಾ ಅಮ್ಮಾ?"

"ಇಲ್ಲ. ನಿಮ್ಮನೇಲಿ ಸೂಜಿ ದಾರ ಇಲ್ವಾ?" ಎಂದು ಮೊಣಕಾಲು ತೋರಿಸಿದೆ. ಪಿಳ್ಳಪ್ಪ ಬಣ್ಣದ ಹಂಡೆಯ ಹಿಂದೆ ತಲೆ ಬಗ್ಗಿಸಿದ. ಅವಳು ನಕ್ಕಳು. "ಇದು ಫ್ಯಾಷನ್ನು ಅಮ್ಮಾ, ಅಂಗಡೀಲೇ ಹಿಂಗೆ ಕೊಡ್ತಾರೆ." ಡ್ಯಾಮೇಜನ್ನು ಹೊರಗೇ ಇಟ್ಟು ಮಾರುವವರೂ ಇದ್ದಾರೆ. ಹೊಸ ವಿಷಯ.

ಹುಡುಗಿ ಕೆಟ್ಟವಳಲ್ಲ. ನನ್ನ ಬೆರಳು ನೋಡಿದಳು. ಎಳೆ ಹೇಗೆ ತುಂಬುತ್ತೀರಿ ಎಂದಳು. ಹೇಳಿದೆ. ಬಾಯಿಮಾತಿನಲ್ಲೇ ಅವಳಿಗೆ ಅರ್ಥವಾಯಿತು, ಅಷ್ಟು ತಿಳಿದವಳು. ಆಮೇಲೆ ಕೇಳಿದಳು — "ನೀವು ತುಂಬಿರೋ ಬಟ್ಟೆ ಏನಾದ್ರೂ ತಂದಿದೀರಾ? ಹಳೇದು ಬೇಕು. ಹೊಸದಾಗಿ ಮಾಡಿದ್ದು ಎಲ್ಲಾರ್ದೂ ಚೆನ್ನಾಗೇ ಇರುತ್ತೆ. ಉಟ್ಟು, ಒಗೆದು, ಹತ್ತಿಪ್ಪತ್ತು ವರ್ಷ ಆದ್ಮೇಲೆ ಹೇಗಿದೆ ಅಂತ ನೋಡ್ದೆ ನಾನು ಬೇರೆಯವರ ಅಜ್ಜಿ ಸೀರೆ ಕೊಡಕ್ಕಾಗಲ್ಲ."

ನ್ಯಾಯವಾದ ಮಾತು.

"ತುಂಬಿದ್ದೆಲ್ಲ ಸಾಹುಕಾರರ ಅಂಗಡಿಗೆ ಹೋಯ್ತು" ಎಂದೆ.

"ನಿಮ್ಮನೇಲಿ ಒಂದೂ ಇಲ್ವಾ?"

ಹದಿನೇಳು ಇದೆ. ಬಾಯಿಗೆ ಬಂತು, ನುಂಗಿಕೊಂಡೆ. ಸೊಸೆಯ ಮೈಸೂರು ಸಿಲ್ಕ್ ಉಟ್ಟು, ಬೆಂಗಳೂರಿನ ಹುಡುಗಿಯ ಎದುರು ಕೂತು, ನಮ್ಮ ಮನೆಯಲ್ಲಿ ನಾವು ಉಡುವುದು ಡ್ಯಾಮೇಜ್ ಸೀರೆ ಎಂದು ಹೇಗೆ ಹೇಳಲಿ.

"ಇಲ್ಲ" ಎಂದೆ.

ಅವಳಿಗೂ ಬೇಜಾರಾಯಿತು. ಚಿಂತಾಮಣಿಯಿಂದ ಇನ್ನೊಬ್ಬರು ಬರುತ್ತಾರಂತೆ. ಮುಂದಿನ ಸೋಮವಾರದೊಳಗೆ ಏನಾದರೂ ಸಿಕ್ಕಿದರೆ ತನ್ನಿ, ಆಮೇಲೆ ಅವರಿಗೆ ಹೇಳಿಬಿಡುತ್ತೇನೆ ಎಂದಳು.

ಮನೆಗೆ ಬಂದು ಸೀರೆ ಮಡಿಸಿ ಅರುಣಾಳ ಕೈಗೆ ಕೊಟ್ಟೆ. ಅಂಚಿಗೆ ಧೂಳಾಗಿತ್ತು. ಅವಳು ತನ್ನ ಸೆರಗಿನಲ್ಲಿ ಒರೆಸಿ ಒಳಗಿಟ್ಟಳು.

11 ಜೂನ್

ಬರೆಯಲು ಏನಿದೆ. ಸೊಪ್ಪು ಬಿಡಿಸಿದೆ.

15 ಜೂನ್, ಶನಿವಾರ

ಮೂರು ದಿನ ಯಾರೊಂದಿಗೂ ಸರಿಯಾಗಿ ಮಾತಾಡಿಲ್ಲ. ಅನುಸೂಯಮ್ಮನಿಗೆ ಬೈದೆ. ಹಾಲಿನವನಿಗೆ ಬೈದೆ. ಚೌಡೇಶ "ಹೋಗ್ಲಿ ಬಿಡಮ್ಮ, ಒಳ್ಳೇದೇ ಆಯ್ತು" ಎಂದ. ಅವನಿಗೂ.

ಇವತ್ತು ನೇರಳೆ ಸೀರೆ ತೆಗೆದೆ.

ಎಪ್ಪತ್ತನಾಲ್ಕರಲ್ಲಿ ನೇಯ್ದದ್ದು. ಆಗಿನ್ನೂ ಮನೆಯಲ್ಲಿ ಕೈಮಗ್ಗ. ಚೌಡೇಶನ ಅಪ್ಪ ಮಗ್ಗದ ಗುಂಡಿಯಲ್ಲಿ ಕಾಲು ಬಿಟ್ಟು ಕೂತಿದ್ದರು. ನಾನು ಪಕ್ಕದಲ್ಲಿ ಕಂಡಿಕೆ ಸುತ್ತುತ್ತ, ಒಂದು ಸಲ ನನ್ನನ್ನೂ ಮಗ್ಗಕ್ಕೆ ಕೂರಿಸಿ ಎಂದೆ. ಹೆಂಗಸರು ಕೂತರೆ ಮಗ್ಗ ಮುನಿಸಿಕೊಳ್ಳುತ್ತೆ ಎಂದು ನಕ್ಕರು. ನಕ್ಕದ್ದಕ್ಕೆ ಸಿಟ್ಟು ಬಂತು. ಕಂಡಿಕೆ ಬುಟ್ಟಿ ಎತ್ತಿ ಒಗೆದೆ. ಅವರು ಬೆಚ್ಚಿದರು, ಲಾಳಿ ಎಳೆಗಳ ನಡುವೆ ಸಿಕ್ಕಿಕೊಂಡಿತು, ಅದು ಗೊತ್ತಾಗದೆ ನೂಲು ಕೂಡಿಸುವ ಹಲಗೆಯನ್ನು ಎಳೆದು ಬಡಿದರು. ಸೀರೆಯ ಒಳತುದಿಯಲ್ಲಿ ಅಂಗೈ ಅಗಲ ಎಳೆ ಕಿತ್ತುಹೋಯಿತು.

ಒಂಬತ್ತು ದಿನ ಮಾತಿಲ್ಲ. ಆ ಒಂಬತ್ತು ದಿನ ಕೂತು ತುಂಬಿದೆ. ಅದೇ ಬಣ್ಣದ ನೂಲು ಮುಗಿದಿತ್ತು, ಹತ್ತಿರದ ಬಣ್ಣ ಹಾಕಿದೆ. ಮುಗಿದಮೇಲೆ ಅವರು ಬಾಗಿಲ ಬೆಳಕಿಗೆ ಹಿಡಿದು ಹುಡುಕಿದರು. ಸಿಗಲಿಲ್ಲ. "ನೀನೇ ನೇಯ್ದ ಹಂಗಿದೆ ಕಣೇ" ಎಂದರು. ಹತ್ತನೇ ದಿನದ ಮೊದಲ ಮಾತು ಅದು.

ಅಷ್ಟಕ್ಕೆ ಸುಮ್ಮನಿರಬಾರದೇ. ಸಾಹುಕಾರನ ಎದುರು ಇಂಥಲ್ಲಿ ತುಂಬಿದೆ ಎಂದು ತಾವೇ ಹೇಳಿಬಿಟ್ಟರು. ಹೇಳದೆ ಕೊಟ್ಟರೆ ನಿದ್ದೆ ಬರಲ್ಲ ಎಂದರು. ಸೀರೆ ವಾಪಸ್ ಬಂತು. ಹಾಗಾಗಿ ನನಗೆ ಸಿಕ್ಕಿತು. ಹದಿನೈದು ವರ್ಷ ಹಬ್ಬಕ್ಕೆಲ್ಲ ಅದನ್ನೇ ಉಟ್ಟೆ, ಚೌಡೇಶನ ಮದುವೆಗೂ, ಆ ತುದಿಯನ್ನು ಸೊಂಟದೊಳಗೆ ಸಿಕ್ಕಿಸಿ. ಅವರು ಹೋಗಿ ಏಳು ವರ್ಷ. ಆಮೇಲೆ ಉಟ್ಟಿಲ್ಲ.

ಅವರು ಹೇಳಿದ್ದನ್ನು ನಾನು ಸೋಮವಾರ ಹೇಳಲಾರದೆ ಹೋದೆ.

16 ಜೂನ್, ಭಾನುವಾರ

ಅರುಣಾಗೆ ಮಾತ್ರ ಹೇಳಿದೆ. "ಚೀಲದಲ್ಲಿ ಹಾಕ್ಕೊಂಡು ಹೋಗಿ ಅತ್ತೆ. ಉಡೋದ್ಯಾಕೆ?"

ಮೇಜಿನ ಮೇಲೆ ಹಾಸಿದರೆ ಯಾವ ಹೊಲಿಗೆಯೂ ಚೆನ್ನಾಗಿ ಕಾಣುತ್ತದೆ. ಮೈಮೇಲೆ ಎಳೆತ ಬಿದ್ದಾಗ ನಿಲ್ಲುತ್ತದೋ ಇಲ್ಲವೋ ಅದು ಪರೀಕ್ಷೆ. ಅವಳಿಗೆ ಹಾಗೆ ಹೇಳಿದೆ. ಅದು ಅರ್ಧ ನಿಜ. ಚೀಲದಲ್ಲಿಟ್ಟು ಒಯ್ದರೆ ಮತ್ತೆ ಮುಚ್ಚಿಟ್ಟ ಹಾಗೇ ಆಯಿತು.

17 ಜೂನ್, ಸೋಮವಾರ. ಬೆಳಿಗ್ಗೆ ಏಳು

ತಿರುಗಿಸಿ ಉಟ್ಟಿದ್ದೇನೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಳತುದಿಯನ್ನು ಹೆಗಲ ಮೇಲೆ ತಂದು. ಜರಿಯ ಸೆರಗು ಒಳಗೆ, ಬೋಳು ತುದಿ ಹೊರಗೆ. ತುಂಬಿದ ಜಾಗ ಎಡ ಹೆಗಲಿನಿಂದ ಒಂದು ಗೇಣು ಕೆಳಗೆ. ಹುಟ್ಟಿದಂದಿನಿಂದ ಹೀಗೆ ಉಟ್ಟವಳನ್ನು ಈ ಬೀದಿಯಲ್ಲಿ ನೋಡಿಲ್ಲ.

ಹೊರಟೆ.

ಅದೇ ದಿನ, ಸಂಜೆ

ಬಾಗಿಲಲ್ಲೇ ಅನುಸೂಯಮ್ಮ. "ಕದಿರಮ್ಮ, ಸೀರೆ ತಿರುಗಾಮುರುಗಾ ಆಗಿದೆ ಕಣೇ."

"ಗೊತ್ತು."

"ಡ್ಯಾಮೇಜ್ ತುದಿ ಹೊರಗೆ ಬಂದಿದೆ."

"ಎಲ್ಲಿ? ತೋರ್ಸು."

ಹತ್ತಿರ ಬಂದು ನೋಡಿದಳು. ಮೂಗು ತಾಗುವಷ್ಟು. ಕಾಣಲಿಲ್ಲ. "ಹೆಂಗಾದ್ರೂ ಹಾಳಾಗೋಗು" ಎಂದು ಒಳಗೆ ಹೋದಳು.

ಮಗ್ಗದ ಮನೆಯ ಬಾಗಿಲಲ್ಲಿ ಚೌಡೇಶ ನಿಂತಿದ್ದ. ಜಗಳಕ್ಕೆ ಬರುತ್ತಾನೆ ಎಂದುಕೊಂಡೆ. ಸೀರೆಯನ್ನೇ ನೋಡುತ್ತಿದ್ದ. "ಇದು ಯಾರು ನೇಯ್ದಿದ್ದು?"

"ನಿಮ್ಮಪ್ಪ."

ಅವನಿಗೆ ಗೊತ್ತಿರಲಿಲ್ಲ. ಅವನ ಮದುವೆಗೆ ಉಟ್ಟದ್ದು, ಆದರೂ ಗೊತ್ತಿರಲಿಲ್ಲ. ಮಗ್ಗಕ್ಕೆ ಹಿಂತಿರುಗಿದ.

ಬಸ್ ಸ್ಟ್ಯಾಂಡಿನಲ್ಲಿ ಕಾಲೇಜು ಹುಡುಗಿಯೊಬ್ಬಳು — "ಅಜ್ಜಿ, ಸೆರಗು ಒಳಗೆ ಸೇರ್ಕೊಂಡಿದೆ." ಇರಲಿ ಬಿಡು ಎಂದೆ. ಇವತ್ತು ಸೀಟಿಗೆ ಒರಗಿ ಕೂತೆ.

ಅಕ್ಷತ ಬಾಗಿಲಿಗೆ ಬಂದಳು. ಅದೇ ಹರಿದ ಪ್ಯಾಂಟು. "ಏನಾದ್ರೂ ತಂದ್ರಾ ಅಮ್ಮಾ?"

"ಉಟ್ಕೊಂಡು ಬಂದಿದೀನಿ. ಮೊನ್ನೆ ಸುಳ್ಳು ಹೇಳಿದೆ. ನಮ್ಮನೇಲಿ ನಾವು ಉಡೋದೆಲ್ಲ ಡ್ಯಾಮೇಜ್ ಸೀರೇನೇ. ಇದೂ ಅದೇ. ಎಲ್ಲಿ ತುಂಬಿದೀನಿ ಹುಡುಕು."

ನಕ್ಕಳು. ಆಮೇಲೆ ನಗು ಬಿಟ್ಟು ಹುಡುಕಿದಳು. ಸುತ್ತ ಎರಡು ಸಲ ಬಂದಳು. ನಾನು ಲೈಟು ಕಂಬದ ಹಾಗೆ ನಿಂತಿದ್ದೆ. ಚಾಪೆಯ ಮೇಲೆ ಕೂತಿದ್ದವರೆಲ್ಲ ಕೆಲಸ ಬಿಟ್ಟು ನೋಡಿದರು. ನನಗೆ ಒಳಗೊಳಗೇ ಜಂಬ. ಸಿಗುವುದಿಲ್ಲ ನಿನಗೆ ಎಂದುಕೊಂಡೆ.

ಕೈ ಹಿಡಿದು ಕಿಟಕಿಯ ಹತ್ತಿರ ಕರೆದುಕೊಂಡು ಹೋದಳು. ಬಿಸಿಲಿತ್ತು. ಹೆಗಲಿನಿಂದ ಬೆರಳು ಇಳಿಸುತ್ತ ಬಂದು ನಿಲ್ಲಿಸಿದಳು.

"ಇಲ್ಲಿ."

ನೆಟ್ಟಗೆ ಅದೇ ಜಾಗ.

"ಬಣ್ಣ ಬೇರೆ ಇದೆ ಅಮ್ಮಾ. ಸುತ್ತ ಮಾಸಿದೆ, ಇದು ಮಾಸಿಲ್ಲ."

ಸಿಕ್ಕಿಬಿಟ್ಟಿತು. ಚೌಡೇಶನ ಅಪ್ಪನಿಗೆ ಸಿಗದ್ದು, ಈಗತಾನೆ ಅನುಸೂಯಮ್ಮನಿಗೆ ಸಿಗದ್ದು. ಹೇಳಬೇಕಲ್ಲ — "ಆ ಬಣ್ಣದ ನೂಲು ಮುಗಿದುಹೋಗಿತ್ತು. ಹತ್ರದ್ದು ಹಾಕ್ದೆ. ಆವಾಗ ಒಂದೇ ಥರ ಇತ್ತು. ಇಪ್ಪತ್ತೆರಡು ವರ್ಷ ಆಯ್ತು. ತಪ್ಪು ನಂದೇ." ಹೆಗಲ ಮೇಲಿನ ತುದಿ ಎಳೆದುಕೊಂಡೆ. ಹೊರಡೋಣ ಎನ್ನಿಸಿತು.

ಅವಳು ಬಿಡಲಿಲ್ಲ. "ನಿಂತ್ಕೊಳ್ಳಿ ಅಮ್ಮಾ. ಕನ್ನಡಕ ಹಾಕ್ಕೊಂಡು ನೀವೇ ನೋಡಿ." ಬಟ್ಟೆಯ ಕೆಳಗೆ ತನ್ನ ಅಂಗೈ ಇಟ್ಟು ಹಿಡಿದಳು.

ನೋಡಿದೆ. ಇಷ್ಟು ವರ್ಷ ಸಿಕ್ಕಿಸಿದ್ದೇ ಹೊರತು ಆ ತುದಿಯನ್ನು ಬೆಳಕಿನಲ್ಲಿ ನೋಡಿರಲಿಲ್ಲ. ಸೊಂಟದಲ್ಲಿ ಮಡಿಕೆ ಬಿದ್ದು ಬಿದ್ದು ಸುತ್ತಲಿನ ರೇಷ್ಮೆ ಜಾಳಾಗಿದೆ. ಅಲ್ಲಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟಿದೆ, ಬಿಸಿಲಿಗೆ ಹಿಡಿದರೆ ಅಂಗೈ ಕಾಣುತ್ತದೆ. ಹೊಲಿಗೆಯ ಅಂಚಿಗೆ ಬಂದು ಸೀಳು ನಿಂತಿದೆ. ತುಂಬಿದ ಅಂಗೈ ಅಗಲದಲ್ಲಿ ಒಂದು ಎಳೆ ಜರುಗಿಲ್ಲ.

"ಇದನ್ನ ಯಾರು ನೇಯ್ದಿದ್ದು?" ಎಂದಳು. ಬೆಳಿಗ್ಗೆ ಚೌಡೇಶ ಕೇಳಿದ್ದು ಅದೇ.

"ಇಷ್ಟು ನಾನು" ಎಂದು ಬೆರಳಿಟ್ಟು ತೋರಿಸಿದೆ. "ಮಿಕ್ಕಿದ್ದು ನಮ್ಮ ಯಜಮಾನ್ರು."

ಅವಳು ಆ ಹೊಲಿಗೆಯ ಅಂಚಿನ ಸುತ್ತ ಇನ್ನೊಂದು ಸಲ ಬೆರಳಾಡಿಸಿದಳು.

ಆಮೇಲೆ ಪಿಳ್ಳಪ್ಪನನ್ನು ಕರೆದು ಈ ನೇರಳೆ ಮಾಸಿದ ಮೇಲೆ ಯಾವ ಬಣ್ಣಕ್ಕೆ ಬಂದಿದೆ ನೋಡಿ, ಅದೇ ಬಣ್ಣ ಹಾಕಿಕೊಡಬಲ್ಲಿರಾ ಎಂದು ಕೇಳಿದಳು. ಅವನು ಹೂಂ ಎಂದ. "ಇನ್ಮೇಲೆ ಬಣ್ಣದ ಚಿಂತೆ ಅವ್ರಿಗೆ. ಎಳೆ ಚಿಂತೆ ನಿಮಗೆ. ನಾಳೆಯಿಂದ ಬರ್ತೀರಾ ಅಮ್ಮಾ?"

"ಬರ್ತೀನಿ. ಮೊದಲು ಆ ಪ್ಯಾಂಟು ಕೊಡು."

"ಪ್ಯಾಂಟ್ ಕೊಡಲ್ಲ."

ನಾಳೆ ಏನು ಉಟ್ಟುಕೊಂಡು ಬರಲಿ ಎಂದು ಕೇಳಬೇಕೆಂದುಕೊಂಡಿದ್ದೆ. ದಾರಿಯಲ್ಲಿ ನೆನಪಾಯಿತು, ಕೇಳಿಯೇ ಇಲ್ಲ.

ಮನೆಗೆ ಬಂದು ಹೇಳಿದೆ. ಅರುಣಾ ಕಾಫಿಗೆ ಎರಡು ಚಮಚ ಸಕ್ಕರೆ ಹಾಕಿದಳು. ಚೌಡೇಶ ಮಗ್ಗ ನಿಲ್ಲಿಸಿ ಬಂದ. ಬಿಚ್ಚಿಟ್ಟ ಸೀರೆಯ ಪಕ್ಕ ಕೂತು, ಅಪ್ಪ ನೇಯ್ದದ್ದು ಎಲ್ಲಿ ಮುಗಿಯುತ್ತದೆ, ನಾನು ತುಂಬಿದ್ದು ಎಲ್ಲಿ ಶುರುವಾಗುತ್ತದೆ ಎಂದು ಬೆರಳಾಡಿಸುತ್ತಿದ್ದ. ಕೈ ಕೊಳೆಯಾಗಿದೆ, ಮುಟ್ಟಬೇಡ ಎಂದು ಗದರಿದೆ. ತೊಳೆದುಕೊಂಡು ಬಂದು ಮತ್ತೆ ಕೂತ.

18 ಜೂನ್, ಮಂಗಳವಾರ. ಬೆಳಿಗ್ಗೆ ಏಳೂಕಾಲು

ಕಂಡಿಕೆ ಅರುಣಾ ಸುತ್ತುತ್ತಾಳಂತೆ. ಸುತ್ತಲಿ.

ಚೌಡೇಶ ಹೊರಗೆ ಲೂನಾ ಸ್ಟಾರ್ಟ್ ಮಾಡಿ ನಿಂತಿದ್ದಾನೆ. ಕರೆಯುತ್ತಿಲ್ಲ, ಸುಮ್ಮನೆ ಸ್ಟಾರ್ಟ್ ಮಾಡಿಕೊಂಡಿದ್ದಾನೆ. ಪೆಟ್ರೋಲು ಸುಡುತ್ತಿದೆ. ಬುದ್ಧಿಯಿಲ್ಲ.

ಉಟ್ಟಿರುವುದು ದಿನಾ ಉಡುವ ನನ್ನದೇ ಹಸಿರು ಸೀರೆ. ಇದರಲ್ಲಿ ಮೂರು ಕಡೆ ಡ್ಯಾಮೇಜ್. ಯಾವುದು ಒಳಗೆ ಹೋಯಿತು, ಯಾವುದು ಹೊರಗೆ ಉಳಿಯಿತು, ಉಡುವಾಗ ನೋಡಿಕೊಳ್ಳಲಿಲ್ಲ. ಈಗ ನೋಡಿದರೆ ಒಂದು ಇಲ್ಲೇ ಮೊಣಕೈ ಹತ್ತಿರ —

ಹಾರನ್ ಹೊಡೆದ. ಬಂದೆ ಕಣೋ. ಸೂಜಿ ಡಬ್ಬಿ ಎಲ್ಲಿ